ಲಾರಿ ಡ್ರೈವರ್‌ಗೆ ‘ಮೂಲ ಸ್ಥಳ’ ಅಂದ್ರೆ ಯಾವುದು? ಜೊತೆಗೆ ಹೇರು, ಹಂಚಿಕೆ

ಎಲ್ರಿಗೂ ನಮಸ್ಕಾರ, ಕೋಲಾರದಿಂದ ಬರೀತಿದೀನಿ. ಲಾರಿಗಳು ಏನು ಹೇರ್ಕೊಂಡು ಎಲ್ಲಿಂದ ಎಲ್ಲಿಗೆ ಹೋಗ್ತವೆ ಅಂತ ಲೆಕ್ಕ ಹಿಡಿದು ಬೈಪಾಸು, ಲಾರಿ ಸ್ಟ್ಯಾಂಡು ಎಲ್ಲೆಲ್ಲಿ ಬೇಕು ಅಂತ ನೋಡೋ ಒಂದು ಸರ್ವೆ, ಅದರ ಫಾರಂ ಕನ್ನಡ ಮಾಡೋ ಕೆಲಸ ನನ್ನ ತಲೆಗೆ ಬಿದ್ದಿದೆ. ಫ್ಯಾಕ್ಟರಿ ಮಾಲಿಗಾದ್ರೆ 50,000 ರೂಪಾಯಿ ದಾಟಿದ್ರೆ ಇ-ವೇ ಬಿಲ್ಲು (ಮಾಲು ಎಲ್ಲಿಂದ ಎಲ್ಲಿಗೆ ಅಂತ ತೋರ್ಸೋ ಜಿಎಸ್‌ಟಿ ಚೀಟಿ) ಇರುತ್ತೆ, ಟೊಮೇಟೊಗೆ ಅದೇನೂ ಬೇಕಿಲ್ಲ, ಹಾಗಾಗಿ ಡ್ರೈವರ್ ಬಾಯಲ್ಲೇ ಕೇಳ್ಬೇಕು. ಅಲ್ಲೇ ನಾನು ಎಡವಿದ್ದು.

ಒರಿಜಿನ್, ಡೆಸ್ಟಿನೇಶನ್‌ಗೆ ನಿಘಂಟು ನೋಡ್ಕೊಂಡು ‘ಮೂಲ ಸ್ಥಳ’, ‘ಗಮ್ಯ ಸ್ಥಳ’ ಅಂತ ಹಾಕಿದ್ದೆ. ಮೊನ್ನೆ ಮಂಡಿ ಗೇಟ್ ಹತ್ರ ಒಬ್ಬ ಅಣ್ಣನ್ನ ಕೇಳಿದ್ರೆ, ‘ಮೂಲ ಮುಳಬಾಗ್ಲು ಕಡೆ ಸಾರ್, ಈಗ ಮಾಲೂರಲ್ಲಿ ಮನೆ ಮಾಡಿದೀವಿ’ ಅಂದ. ಗಮ್ಯಕ್ಕೆ ಸುಮ್ನೆ ನನ್ನ ಮುಖ ನೋಡ್ದ. ‘ಲೋಡ್ ಎಲ್ಲಿ, ಅನ್‌ಲೋಡ್ ಎಲ್ಲಿ’ ಅಂದ ಮೇಲೆ ಪಟ್ ಅಂತ ಬಂತು: ‘ಇಲ್ಲೇ ಮಂಡೀಲಿ, ಕೋಯಂಬೇಡಿಗೆ’ (ಚೆನ್ನೈ ಮಾರ್ಕೆಟ್ಟು). ಈಗ ‘ತುಂಬಿದ ಊರು’, ‘ಇಳಿಸೋ ಊರು’ ಅಂತ ತಿದ್ದಿದೀನಿ, ಆದ್ರೆ ಫಾರಂ ಒಪ್ಪಬೇಕಾದವರಿಗೆ ಇದು ಹಳ್ಳಿ ಮಾತಾಯ್ತಂತೆ. ನನಗೆ ಇದೇ ಸರಿ ಅನ್ಸುತ್ತೆ, ನೀವೇನಂತೀರಿ?

ಫ್ರೈಟ್ ಇನ್ನೂ ಕಷ್ಟ. ಟ್ರಾನ್ಸ್‌ಪೋರ್ಟ್ ಆಫೀಸಲ್ಲಿ ‘ಫ್ರೈಟ್ ಎಷ್ಟು’ ಅಂದ್ರೆ ಬಾಡಿಗೆ ಹೇಳ್ತಾರೆ, ನಮಗೆ ಬೇಕಿರೋದು ಮಾಲಿನ ತೂಕ. ‘ಸರಕಿನ ಪ್ರಮಾಣ’ ಅಂದ್ರೆ ಬಾಕ್ಸ್ ಲೆಕ್ಕ ಬರುತ್ತೆ, ಒಂದು ಬಾಕ್ಸಿಗೆ 15 ಕೆಜಿ ಹಿಡಿದ್ರೆ 600 ಬಾಕ್ಸು 9 ಟನ್ನು, ಅದು 100 ಕಿಮೀ ಹೋದ್ರೆ 900 ಟನ್-ಕಿಲೋಮೀಟರು ಅಂತ ನಾವು ಕೂತ್ಕೊಂಡು ಗುಣಿಸ್ಬೇಕು. ಲೋಡಿಗೆ ‘ಹೇರು’ ಅನ್ನೋ ಪದ ನನಗಿಷ್ಟ, ಹಳೇ ಶಾಸನಗಳಲ್ಲಿ ಹೇರಿಗಿಷ್ಟು ಸುಂಕ ಅಂತಾನೇ ಬರುತ್ತಲ್ಲ, ಎತ್ತಿನ ಮೇಲಿನ ಹೊರೆ ಲಾರಿ ಮೇಲೆ ಬಂದ್ರೆ ತಪ್ಪೇನು. ಆದ್ರೆ ಲೋಡಿಂಗ್‌ಗೆ ‘ಹೇರಿಕೆ’ ಅಂತ ಮಾಡಕ್ಕೋದ್ರೆ ಪಕ್ಕದಲ್ಲಿದ್ದ ಗೆಳೆಯ ‘ಹಿಂದೀನಾ?’ ಅಂದ.

ಕೊನೇದು ‘ದತ್ತಾಂಶ ಹಂಚಿಕೆ’. ಹಂಚಿಕೆ ಅಂದ್ರೆ ರೇಷನ್ ಹಂಚೋದು, ಆಸ್ತಿ ಪಾಲು ಮಾಡೋದು, ಸಾಲದ್ದಕ್ಕೆ ಹಂಚಿಕೆ ಹೂಡೋದು ಅಂದ್ರೆ ಉಪಾಯ ಮಾಡೋದು. ಫಾರಂ ಕೆಳಗಿನ ‘ನೀವು ನೀಡಿದ ದತ್ತಾಂಶವನ್ನು ಇತರ ಇಲಾಖೆಗಳೊಂದಿಗೆ ಹಂಚಿಕೊಳ್ಳಲಾಗುವುದು’ ಅನ್ನೋ ಸಾಲು ಓದಿ ಒಬ್ಬರು ಮಂಡಿ ಸಾಹುಕಾರರು ಪೆನ್ನು ವಾಪಸ್ ಕೊಟ್ಬಿಟ್ರು, ನಮ್ಮ ಗಿರಾಕಿ ಯಾರು ಅಂತ ಊರಿಗೆಲ್ಲ ಹೇಳ್ತೀರಾ ಅಂತ. ನಾವು ಕೊಡೋದು ಹೆಸರು, ಗಾಡಿ ನಂಬರ್ ತೆಗೆದು ಎಲ್ಲಾ ಕೂಡಿಸಿದ ಲೆಕ್ಕ ಮಾತ್ರ. ಇದಕ್ಕೆ ‘ಸಗಟು ಲೆಕ್ಕ’ ಅಂದ್ರೆ ಮಂಡೀಲಿ ಹೋಲ್‌ಸೇಲ್ ಅಂದ್ಕೋತಾರೆ. ‘ಒಟ್ಟುಲೆಕ್ಕ’ ನಡೆಯುತ್ತಾ?

ತುಮಕೂರು ಕಡೆಯವರು ಇದ್ರೆ ಇದೊಂದು ಹೇಳಿ: ಇಳಿಸಿ ವಾಪಸ್ ಬರುವಾಗ ಮಾಲು ಸಿಗದೇ ಹೋದ್ರೆ ಇಲ್ಲಿ ‘ರಿಟರ್ನ್ ಲೋಡ್ ಸಿಗ್ಲಿಲ್ಲ, ಖಾಲಿ ಬಂದೆ’ ಅಂತಾರೆ, ತಿಪಟೂರು ಕೊಬ್ಬರಿ ಲಾರಿಯವರು, ಅಂತರಸನಹಳ್ಳಿ ಮಂಡಿಯವರು ಏನಂತಾರೆ? ಫಾರಂ ಸೋಮವಾರ ಪ್ರಿಂಟಿಗೆ ಹೋಗುತ್ತೆ.