ಪದಚರ್ಚೆ: ‘ಹಾರರ್’ಗೆ ಫ್ಲೆಕ್ಸ್ ಮೇಲೆ ನಿಲ್ಲುವ ಕನ್ನಡ ಯಾವುದು? (ಇವತ್ತು ಸಂಜೆಯೊಳಗೆ ಬೇಕು)

ಕೋಥ್ರೂಡ್, ಪುಣೆ:

ನಮಸ್ಕಾರ. ಹಾಲಿವುಡ್ ನಟ ರೇ ಮಿಲ್ಯಾಂಡ್ ನಟಿಸಿದ ನಾಲ್ಕು ಹಾರರ್ ಚಿತ್ರಗಳನ್ನು ಇಲ್ಲಿನ ಕನ್ನಡಿಗರಿಗೆ ತೋರಿಸುವುದಿದೆ: ‘ದ ಪ್ರಿಮೆಚೂರ್ ಬರಿಯಲ್’ (1962), ‘ಎಕ್ಸ್’ (1963), ‘ಫ್ರಾಗ್ಸ್’ ಮತ್ತು ‘ದ ಥಿಂಗ್ ವಿತ್ ಟೂ ಹೆಡ್ಸ್’ (ಎರಡೂ 1972). ಬಾಗಿಲಿಗೆ ಆರಡಿ ಉದ್ದ, ಎರಡಡಿ ಎತ್ತರದ ಫ್ಲೆಕ್ಸ್. ಮರಾಠಿ ಸಾಲು ಆಗಲೇ ಸಿದ್ಧ, ಅದರಲ್ಲಿ ಹಾರರ್ ಚಿತ್ರಕ್ಕೆ ‘ಭಯಪಟ’ ಎಂದಿದೆ. ಕನ್ನಡದ್ದು ನನ್ನ ಕರಡು ಹೀಗಿದೆ:

‘ಖ್ಯಾತ ನಟನಿರ್ದೇಶಕ ರೇ ಮಿಲ್ಯಾಂಡ್ ಅವರ ಕೊನೆಗಾಲದ ಬಿ ದರ್ಜೆ ಭಯಪಟಗಳು’

ಕರಪತ್ರದಲ್ಲಿ ಚಿತ್ರಗಳ ಹೆಸರಿನ ಕೆಳಗೆ ಕನ್ನಡ ಅರ್ಥವನ್ನೂ ಕೊಡಬೇಕು. ‘ಪ್ರಿಮೆಚೂರ್ ಬರಿಯಲ್’ಗೆ ‘ಜೀವಂತ ಸಮಾಧಿ’ ಎಂದು ಹಾಕಿದ್ದೇನೆ. ಪ್ರಿಂಟಿನವರು ಏಳು ಗಂಟೆಗೆ ಫೈಲ್ ಕೇಳಿದ್ದಾರೆ. ಎಲ್ಲಿ ಎಡವಿದ್ದೇನೆ ಹೇಳಿ.

ಮುಲುಂಡ್:

‘ಭಯಪಟ’ ತೆಗೆಯಿರಿ. ಮರಾಠಿಯಲ್ಲಿ ಚಿತ್ರಪಟ, ಬೋಲಪಟ, ಭಯಪಟ ಎಂದು ಒಂದು ಸಾಲೇ ಇದೆ. ಅವರಿಗೆ ಪಟ ಎಂದರೆ ಸಿನಿಮಾ. ನಮ್ಮಲ್ಲಿ ಪಟ ಗೋಡೆಯ ಮೇಲೆ ತೂಗುತ್ತದೆ, ಇಲ್ಲವೇ ಗಾಳಿಯಲ್ಲಿ ಹಾರುತ್ತದೆ. ಇನ್ನೂ ಕೆಟ್ಟದ್ದೆಂದರೆ, ಕನ್ನಡ ಓದುವವರ ಕಣ್ಣು ಅದನ್ನು ‘ಭಯಪಟ್ಟ’ ಎಂದು ತಾನೇ ತಿದ್ದಿಕೊಳ್ಳುತ್ತದೆ. ಫ್ಲೆಕ್ಸ್‌ನಲ್ಲಿ ಒತ್ತು ಉದುರುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆಯಲ್ಲ. ಮಿಲ್ಯಾಂಡ್ ಯಾರಿಗೆ ಭಯಪಟ್ಟ ಎಂದು ಜನ ಕೇಳುತ್ತಾರೆ.

‘ನಟನಿರ್ದೇಶಕ’ ಕೂಡ ಬೇಡ. ಹಾಗೆ ಅಂಟಿಸಿದರೆ ಷಷ್ಠೀ ತತ್ಪುರುಷ. ನಟನನ್ನು ನಿರ್ದೇಶಿಸುವವನು ಎಂದಾಗುತ್ತದೆ. ನಡುವೆ ಅಡ್ಡಗೆರೆ ಹಾಕಿ. ಅಲ್ಪವಿರಾಮ ಹಾಕಬೇಡಿ, ಇಬ್ಬರು ಇದ್ದಂತೆ ಕಾಣುತ್ತದೆ.

ಹಾರರ್ ಚಿತ್ರ ಎನ್ನಿ. ಮುಗಿಯಿತು.

ಡೊಂಬಿವಲಿ:

ಮುಲುಂಡಿನವರು ‘ಮುಗಿಯಿತು’ ಎಂದ ಕೂಡಲೇ ಯಾವುದೂ ಮುಗಿಯುವುದಿಲ್ಲ. ಮರಾಠಿ ಬೇಡ, ಇಂಗ್ಲಿಷ್ ಬೇಕು, ಇದು ಯಾವ ನ್ಯಾಯ? ನಮ್ಮಲ್ಲೇ ‘ದಿಗಿಲು’ ಇದೆ. ತಮಿಳರು ‘ತಿಗಿಲ್ ಪಡಂ’ ಎಂದು ಪೋಸ್ಟರಿನ ಮೇಲೇ ಹಾಕುತ್ತಾರೆ. ತೆಲುಗಿನಲ್ಲಿ ದಿಗುಲು ಎಂದರೆ ಚಿಂತೆ, ಕೊರಗು. ಅರ್ಥ ಸ್ವಲ್ಪ ಸರಿದಿದೆ, ಬೇರು ಅದೇ. ಭಯ ತಿಂಗಳುಗಟ್ಟಲೆ ಇರಬಲ್ಲದು, ಪರೀಕ್ಷೆಯ ಭಯದ ಹಾಗೆ. ಅಂಜಿಕೆ ಸ್ವಭಾವ. ದಿಗಿಲು ಮಾತ್ರ ಬೀಳುವುದು, ‘ದಿಗಿಲು ಬಿದ್ದ’ ಎನ್ನುತ್ತೇವೆ. ದಿಗ್ಗನೆ ಎದ್ದ ಎನ್ನುವಾಗಿನ ‘ದಿಗ್’ ಇದೇ. ಕತ್ತಲಲ್ಲಿ ಕುಳಿತವನನ್ನು ಕುರ್ಚಿಯಿಂದ ಎಬ್ಬಿಸುವುದೇ ಈ ಚಿತ್ರಗಳ ಕೆಲಸ. ‘ದಿಗಿಲುಚಿತ್ರ’ ಎನ್ನಿ. ಚಿತ್ರವೂ ಸಂಸ್ಕೃತವೇ, ಅದಕ್ಕೆ ‘ತಿಟ್ಟ’ ಹಾಕಿ ‘ದಿಗಿಲುತಿಟ್ಟ’ ಎಂದರೆ ಇನ್ನೂ ಚೆನ್ನ.

ಮುಲುಂಡ್:

ತಮಿಳಿನಲ್ಲಿ ತಿಟ್ಟು ಎಂದರೆ ಬೈಯುವುದು. ತಿಟ್ಟ ಎಂದು ಬರೆದರೆ ಯಾರನ್ನು ತಿಟ್ಟಿದ್ದಾರೆ ಎಂದು ಇಲ್ಲಿನ ತಮಿಳರು ಕೇಳುತ್ತಾರೆ. ‘ದಿಗ್ಗನೆ’ಗೂ ದಿಗಿಲಿಗೂ ನಂಟು ಕಟ್ಟುವುದು ಸದ್ದು ಕೇಳಿ ಹುಡುಕಿದ ಪದಮೂಲ, ಕಿವಿಯ ನಿರುಕ್ತ, ನಿಘಂಟಿನದ್ದಲ್ಲ.

ಮಾಟುಂಗ:

ಪದ ಆಮೇಲೆ, ಮೊದಲು ಚಿತ್ರ ನೋಡಿ. ನಾಲ್ಕರಲ್ಲಿ ಒಂದರಲ್ಲೂ ದೆವ್ವವಿಲ್ಲ, ಆದ್ದರಿಂದ ಯಾರೂ ‘ದೆವ್ವದ ಸಿನಿಮಾ’ ಎಂದು ಸೂಚಿಸದಿದ್ದದ್ದು ಪುಣ್ಯ. ದಿಗಿಲೂ ಹೊಂದುವುದಿಲ್ಲ. ‘ಎಕ್ಸ್’ನಲ್ಲಿ ವೈದ್ಯ ತನ್ನ ಕಣ್ಣಿಗೆ ತಾನೇ ಹನಿ ಹಾಕಿಕೊಳ್ಳುತ್ತಾನೆ. ಮೊದಲು ಬಟ್ಟೆಯ ಆಚೆ ಕಾಣುತ್ತದೆ, ಪಾರ್ಟಿಯಲ್ಲಿ ಕುಣಿಯುವವರೆಲ್ಲ ಬೆತ್ತಲೆ. ಆಮೇಲೆ ಚರ್ಮದ ಆಚೆ, ಗೋಡೆಯ ಆಚೆ, ಕಡೆಗೆ ರೆಪ್ಪೆ ಮುಚ್ಚಿದರೂ ಕತ್ತಲೆ ಸಿಗದು. ಕೊನೆಯಲ್ಲಿ ಪ್ರಾರ್ಥನೆಯ ಡೇರೆಯೊಳಗೆ ಕಣ್ಣನ್ನೇ ಕಿತ್ತುಕೊಳ್ಳುತ್ತಾನೆ. ಇದು ದಿಗ್ಗನೆ ಬೀಳುವ ಭಯವಲ್ಲ, ಹನಿಹನಿಯಾಗಿ ಏರುವುದು. ‘ಫ್ರಾಗ್ಸ್’ನಲ್ಲಿ ಗಾಲಿಕುರ್ಚಿಯ ಯಜಮಾನನ ದ್ವೀಪಕ್ಕೆ ಹಾವು, ಜೇಡ, ಮೊಸಳೆ ನುಗ್ಗುತ್ತವೆ, ಕಪ್ಪೆಗಳು ಬಹುಪಾಲು ಕುಳಿತು ನೋಡುತ್ತಿರುತ್ತವೆ, ಅಷ್ಟೆ. ‘ಟೂ ಹೆಡ್ಸ್’ನಲ್ಲಿ ಬಿಳಿಯ ಜನಾಂಗದ್ವೇಷಿ ವೈದ್ಯನ ತಲೆಯನ್ನು ಕಪ್ಪು ಮನುಷ್ಯನೊಬ್ಬನ ಹೆಗಲಿಗೆ ಹೊಲಿಯುತ್ತಾರೆ. ಅದು ಅರ್ಧ ಬೀಭತ್ಸ, ಅರ್ಧ ಹಾಸ್ಯ. (ಬೀಭತ್ಸಕ್ಕೆ ಮೊದಲಕ್ಷರ ಅಲ್ಪಪ್ರಾಣ. ಭೀಕರದ ಜೊತೆ ಸೇರಿಸಿ ‘ಭೀಭತ್ಸ’ ಎಂದು ಬರೆಯುವ ಚಾಳಿ ಬಿಡಿ.) ರಸದ ಹೆಸರು ಇಟ್ಟರೆ ನಾಲ್ಕಕ್ಕೂ ಒಂದೇ ಸಾಲದು. ಹಾರರ್ ಎನ್ನುವುದು ರಸವಲ್ಲ, ಅಂಗಡಿಯ ಕಪಾಟಿನ ಚೀಟಿ. ಚೀಟಿಗೆ ಚೀಟಿಯೇ ಸರಿ, ನನ್ನ ಮತ ಹಾರರ್‌ಗೆ.

‘ಬಿ ದರ್ಜೆ’ ಎರಡು ಕಾರಣಕ್ಕೆ ತಪ್ಪು. ಹಾಲಿವುಡ್ಡಿನ ಬಿ ಚಿತ್ರ ಎಂದರೆ 1930–40ರ ದಶಕಗಳಲ್ಲಿ ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವಾಗ ಕೆಳಗಿನದು. ಮೇಲಿನದಕ್ಕೆ ಗಲ್ಲಾಪೆಟ್ಟಿಗೆಯಲ್ಲಿ ಪಾಲು, ಕೆಳಗಿನದಕ್ಕೆ ಗೊತ್ತುಪಡಿಸಿದ ಬಾಡಿಗೆ. ಮಿಲ್ಯಾಂಡನ ಈ ಚಿತ್ರಗಳ ಹೊತ್ತಿಗೆ ಆ ಏರ್ಪಾಡು ಮುಗಿದಿತ್ತು. ‘ಎಕ್ಸ್’ ಜೋಡಿಯಾಗಿಯೇ ಬಂತು, ಆದರೆ ಅದರ ಜೊತೆಗಾರ ‘ಡಿಮೆನ್ಷಿಯಾ 13’ ಕೂಡ ಬಡವನೇ. ಎರಡನೆಯದು, ಮುಂಬಯಿಯ ಸಿನಿಮಾ ಬಾಯಲ್ಲಿ ‘ಬಿ ಗ್ರೇಡ್, ಸಿ ಗ್ರೇಡ್’ ಎಂದರೆ ಅರ್ಥವೇ ಬೇರೆ, ಹಸಿಬಿಸಿ ದೃಶ್ಯಗಳ ಚಿತ್ರ. ಮನೆಮಂದಿಯನ್ನು ಕರೆಯುವ ಫ್ಲೆಕ್ಸ್ ಮೇಲೆ ಅದು ಬೇಡ.

‘ಕಿರುಬಂಡವಾಳ’ ಎಂದು ಡೊಂಬಿವಲಿಯವರು ಹೇಳುವ ಮುಂಚೆಯೇ ಹೇಳಿಬಿಡುತ್ತೇನೆ: ‘ಅವನ ಬಂಡವಾಳ ಇಷ್ಟೇ’ ಎಂದು ಓದಿಕೊಳ್ಳುತ್ತದೆ. ‘ಅಗ್ಗದ’ ಎಂದರೆ ಬೈಗುಳ. ‘ಸಣ್ಣ ಬಜೆಟ್ಟಿನ’ ಸಾಕು.

ಮಡಗಾಂವ್, ಗೋವಾ:

‘ಕೊನೆಗಾಲದ’ ಎಂಬುದನ್ನು ಯಾರೂ ಮುಟ್ಟಲಿಲ್ಲವಲ್ಲ! ಕೊನೆಗಾಲ ಎಂದರೆ ಬಾಯಿಗೆ ನೀರು ಬಿಡುವ ಹೊತ್ತು. ಮಿಲ್ಯಾಂಡ್ ತೀರಿಕೊಂಡದ್ದು 1986ರಲ್ಲಿ, ‘ಎಕ್ಸ್’ ಆಗಿ ಇಪ್ಪತ್ತಮೂರು ವರ್ಷಕ್ಕೆ. ‘ಇಳಿಗಾಲ’ ಎಂದರೆ ತೀರ್ಪು ಕೊಟ್ಟ ಹಾಗೆ. 1945ರ ‘ದ ಲಾಸ್ಟ್ ವೀಕೆಂಡ್’ಗೆ ಆಸ್ಕರ್ ತೆಗೆದುಕೊಂಡವನು ಕಪ್ಪೆಗಳ ನಡುವೆ ಬಂದು ಬಿದ್ದ ಎನ್ನುವವರು, 1970ರಲ್ಲಿ ಅವನೇ ‘ಲವ್ ಸ್ಟೋರಿ’ಯಲ್ಲಿ ನಾಯಕನ ಅಪ್ಪನಾಗಿದ್ದನ್ನು ಮರೆಯುತ್ತಾರೆ. ‘ಮುಪ್ಪಿನ ಪಾತ್ರ’ ಎಂದರೆ ಮುದುಕನ ವೇಷ. ವಿಶೇಷಣವನ್ನೇ ಬಿಟ್ಟು ಇಸವಿ ಹಾಕಿ, ಜಾಗವೂ ಉಳಿಯುತ್ತದೆ.

‘ಜೀವಂತ ಸಮಾಧಿ’ಯನ್ನು ಪುಣೆಯಲ್ಲಂತೂ ಹಾಕಲೇಬೇಡಿ. ಆಳಂದಿ ಪಕ್ಕದಲ್ಲೇ ಇದೆ. ಜ್ಞಾನೇಶ್ವರರ ಸಂಜೀವನ ಸಮಾಧಿ ಅಲ್ಲಿ ದಿನವೂ ಬಾಯಲ್ಲಿರುವ ಮಾತು, ಮಂತ್ರಾಲಯದ ಭಕ್ತರಿಗೂ ಅದೇ ನೆನಪು. ಅದು ತಾವಾಗಿ ಒಳಹೊಕ್ಕವರ ಮಾತು. ಇಲ್ಲಿ ನಾಯಕನಿಗೆ ಜೀವ ಇರುವಾಗಲೇ ಹೂತುಬಿಟ್ಟಾರು ಎಂಬ ಹೆದರಿಕೆ. ಅದಕ್ಕೇ ಗೋರಿಯೊಳಗೆ ಹೊರಬರುವ ದಾರಿಗಳನ್ನು ಮೊದಲೇ ಮಾಡಿಸಿಕೊಳ್ಳುತ್ತಾನೆ. ಹೂಳುವುದಕ್ಕೆ ನಮ್ಮ ಮಾತು ‘ಮಣ್ಣು ಮಾಡುವುದು’. ‘ಅವಸರದ ಮಣ್ಣು’ ಎಂದರೆ ಹೇಗೆ? ಇಲ್ಲದಿದ್ದರೆ ‘ಆರಡಿ ಮೂರಡಿ’. ಹಿಂದಿಯಲ್ಲಿ ರಾಮ್ಸೆ ಸೋದರರು 1972ರಲ್ಲಿ ‘ದೋ ಗಜ್ ಜಮೀನ್ ಕೇ ನೀಚೇ’ (ಎರಡು ಗಜ ನೆಲದ ಕೆಳಗೆ) ಎಂದು ಇಟ್ಟದ್ದು ಇದೇ ಜಾಡು. ‘ಟೂ ಹೆಡ್ಸ್’ಗೆ ‘ಎರಡು ತಲೆಯದ್ದು’ ಎನ್ನಿ. ಬರೀ ‘ಎರಡು ತಲೆ’ ಎಂದರೆ ನಮ್ಮ ಕಡೆ ಮಣ್ಣುಮುಕ್ಕ ಹಾವು ನೆನಪಾಗುತ್ತದೆ.

ಡೊಂಬಿವಲಿ:

‘ಅವಸರದ ಮಣ್ಣು’ ಚೆನ್ನಾಗಿದೆ, ಒಪ್ಪಿದೆ. ಹೂಳುವುದಕ್ಕೆ ಕನ್ನಡ ಆಗುತ್ತದೆ, ಹೆದರುವುದಕ್ಕೆ ಮಾತ್ರ ಆಗದು, ಅಲ್ಲವೇ? ಹೀಗೆ ಒಂದೊಂದೇ ಬಿಟ್ಟುಕೊಟ್ಟು ಕಡೆಗೆ ವಿಭಕ್ತಿ ಪ್ರತ್ಯಯ ಮಾತ್ರ ನಮ್ಮದು ಎಂದಾಗುತ್ತದೆ.

ಮುಲುಂಡ್:

‘ಗಾಬರಿ’ ಎಲ್ಲಿಂದ ಬಂತು ಸ್ವಾಮಿ? ಮರಾಠಿಯವರ ‘ಘಾಬರಣೆ’ಯನ್ನು ಮಹಾಪ್ರಾಣ ಕಿತ್ತು ಮನೆಯೊಳಗೆ ಕೂರಿಸಿಕೊಂಡವರು ನಾವೇ. ಧಾರವಾಡದ ಅಜ್ಜಿಯರಿಗೆ ಗಾಬರಿ ಆದಾಗ ನಿಮ್ಮ ದಿಗಿಲು ಎಲ್ಲಿ ಹೋಗಿತ್ತು? ಪ್ರತ್ಯಯ ನಮ್ಮದಾಗಿದ್ದರೆ ಪದವೂ ನಮ್ಮದೇ.

ಡೊಂಬಿವಲಿ:

ಅಜ್ಜಿಯರನ್ನು ಎಳೆದು ತರಬೇಡಿ. ಜನ ತಂದ ಪದ ಬೇರೆ, ಪೋಸ್ಟರ್ ತಂದ ಪದ ಬೇರೆ.

ಮಾಟುಂಗ:

ಇಬ್ಬರೂ ನಿಲ್ಲಿಸಿ, ಐದು ಗಂಟೆಯಾಯಿತು. ಕೋಥ್ರೂಡಿನವರೇ, ಪ್ರಿಂಟಿನ ಮಾತು. ಮರಾಠಿ ಆಪರೇಟರಿಗೆ ಕನ್ನಡ ಪಠ್ಯ ಕಳಿಸಬೇಡಿ. ಅವರ ಹಳೆಯ ವಿನ್ಯಾಸ ತಂತ್ರಾಂಶ ಕೋರೆಲ್‌ನಲ್ಲಿ ಅಂಟಿಸಿದರೆ ಒತ್ತುಗಳು ಬಿಚ್ಚಿಕೊಂಡು ಅರ್ಕಾವತ್ತು ದಾರಿ ತಪ್ಪುತ್ತದೆ. ‘ನಿರ್ದೇಶಕ’ ಹೋಗಿ ‘ನಿದೇರ್ಶಕ’ ಆಗುವುದು ಹೀಗೆಯೇ. ಓದಲು ಬಾರದವರಿಗೆ ಅದು ತಪ್ಪೆಂದು ಕಾಣುವುದೂ ಇಲ್ಲ. ಇಂಕ್‌ಸ್ಕೇಪ್ ಎಂಬ ತಂತ್ರಾಂಶದಲ್ಲಿ ನೀವೇ ಸಾಲು ಜೋಡಿಸಿ, ‘ಆಬ್ಜೆಕ್ಟ್ ಟು ಪಾತ್’ ಕೊಟ್ಟು ಅಕ್ಷರಗಳನ್ನು ಆಕಾರವಾಗಿಸಿ, ಪಿಡಿಎಫ್ ಮಾಡಿ ಕಳಿಸಿ. ತಿದ್ದಬಹುದಾದ ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ, ಆಕಾರವಾದ ಮೇಲೆ ಅಕ್ಷರ ತಿದ್ದಲು ಬರುವುದಿಲ್ಲ. ಕೆಳಗೆ ಎರಡಿಂಚು ಖಾಲಿ ಬಿಡಿ. ಮರಾಠಿಗೆ ತಲೆಗೆರೆ ಮೇಲೆ, ನಮಗೆ ಒತ್ತು ಕೆಳಗೆ, ಹಗ್ಗದ ಕಣ್ಣು ಹೊಡೆಯುವಾಗ ಮೊದಲು ತೂತಾಗುವುದು ಅದೇ. ‘ಹಾರರ್’ ಆದ ಮೇಲೆ ಜಾಗ ಬಿಟ್ಟು ‘ಚಿತ್ರಗಳು’ ಎನ್ನಿ. ಜಾಗ ಬಿಡದಿದ್ದರೆ ರಕಾರ ಹಾರಿ ‘ಚಿ’ಯ ಪಕ್ಕ ಕೂರುತ್ತದೆ.

ಹೆಸರು ‘ಮಿಲ್ಯಾಂಡ್’ ಎಂದೇ ಇರಲಿ. ಉಚ್ಚಾರದ ಒತ್ತು ಎರಡನೆಯ ಅಕ್ಷರದ ಮೇಲೆ, ‘ಮಿಲಂಡ್’ ಎಂದರೆ ಮಿಲಿಂದನ ತಮ್ಮನಂತೆ ಕೇಳುತ್ತದೆ.

ಕೋಥ್ರೂಡ್:

ಎಲ್ಲರಿಗೂ ವಂದನೆ. ಹೋಗುತ್ತಿರುವ ಸಾಲು:

‘ನಟ-ನಿರ್ದೇಶಕ ರೇ ಮಿಲ್ಯಾಂಡ್: 1962–72ರ ಸಣ್ಣ ಬಜೆಟ್ಟಿನ ಹಾರರ್ ಚಿತ್ರಗಳು’

‘ಖ್ಯಾತ’ ಬಿಟ್ಟೆ. ಕರಪತ್ರದಲ್ಲಿ ‘ಅವಸರದ ಮಣ್ಣು’. ‘ನಿರ್ದೇಶಕ’ಕ್ಕೆ ಆಧಾರವಾಗಿ ಅವನೇ ನಿರ್ದೇಶಿಸಿದ ಐದು ಚಿತ್ರಗಳ ಪಟ್ಟಿಯನ್ನೂ ಕೊಡುತ್ತಿದ್ದೇನೆ, 1955ರ ‘ಎ ಮ್ಯಾನ್ ಅಲೋನ್’ನಿಂದ 1968ರ ‘ಹಾಸ್ಟೈಲ್ ವಿಟ್ನೆಸ್’ವರೆಗೆ.

ಡೊಂಬಿವಲಿ:

‘ಪಟ್ಟಿ’ಯ ಒತ್ತು ಉಳಿಯಿತೇ ನೋಡಿಕೊಳ್ಳಿ. ‘ಬಜೆಟ್ಟಿನ’ದ್ದೂ.