ಮೊದಲು ಧ್ವನಿ, ಆಮೇಲೆ ಕ್ಯಾಮೆರಾ

ಎಲ್ಲರಿಗೂ ಕರ್ತನಲ್ಲಿ ವಂದನೆ. ಅಣ್ಣಾ, ನಿಮ್ಮ ಮೆಸೇಜು ನೋಡಿದೆ. ಭಾನುವಾರದ ಆರಾಧನೆ ರೆಕಾರ್ಡ್ ಮಾಡಲು ಒಂದು ಫೋರ್‌-ಕೆ ಕ್ಯಾಮೆರಾ ತರೋಣ, ಒಟ್ಟಾದ ದುಡ್ಡೆಲ್ಲ ಅದಕ್ಕೇ ಹಾಕೋಣ ಅಂದಿದ್ದೀರಿ. ಟೈಪ್ ಮಾಡಿದರೆ ಮುಗಿಯುವ ಮಾತಲ್ಲ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕೊನೆತನಕ ಕೇಳಿ.

ನನ್ನದು ಒಂದೇ ಕೇಳಿಕೆ. ಮೊದಲು ಧ್ವನಿಗೆ ಖರ್ಚು ಮಾಡೋಣ.

2020ರಲ್ಲಿ ಲಾಕ್‌ಡೌನ್ ಆಯಿತಲ್ವಾ, ಏಪ್ರಿಲ್ 12ಕ್ಕೆ ಈಸ್ಟರ್ ಬಂತು. ಅಯ್ಯನವರು ಖಾಲಿ ಬೆಂಚುಗಳ ಎದುರು ನಿಂತು ಪ್ರಸಂಗ ಮಾಡಿದರು. ನಾನು ನಾಲ್ಕನೇ ಬೆಂಚಿನ ಹತ್ತಿರ ನಿಂತು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಮನೆಗೆ ಬಂದು ಅಮ್ಮನಿಗೆ ಹಾಕಿಕೊಟ್ಟೆ. ಅವರಿಗೆ ಆಗಲೇ ಕಣ್ಣು ಮಂಜು. ಫೋನನ್ನು ದಿಂಬಿನ ಮೇಲಿಟ್ಟು, ಕಿವಿ ಹತ್ತಿರ ತಂದು ಮಲಗಿಕೊಂಡರು. ಐದು ನಿಮಿಷ ಆಗಿರಬೇಕು. "ಮಗಾ, ಫ್ಯಾನಿನ ಶಬ್ದವೇ ಕೇಳ್ತದೆ. ವಾಕ್ಯ ಎಲ್ಲಿಂದ ಓದಿದರು?" ಅಂದರು. ಚಿತ್ರ ಚೆನ್ನಾಗಿಯೇ ಬಂದಿತ್ತು. ಆದರೆ ಅಮ್ಮನಿಗೆ ಬೇಕಾದದ್ದು ಅದರಲ್ಲಿ ಇರಲಿಲ್ಲ. ನಮ್ಮ ಸಭೆಯಲ್ಲಿ ಅಮ್ಮನ ಹಾಗೆ ಮನೆಯಲ್ಲೇ ಇರುವ ಹಿರಿಯರು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು.

ನಮ್ಮದು ಎತ್ತರದ ಹಂಚಿನ ಮಾಡು. ದೂರದಲ್ಲಿಟ್ಟ ಮೈಕಿಗೆ ಮಾತಿಗಿಂತ ಗೋಡೆಯಿಂದ ವಾಪಸ್ ಬರುವ ಮಾತೇ ಜಾಸ್ತಿ ಸಿಗುತ್ತದೆ. ಜೂನ್ ಜುಲೈನಲ್ಲಿ ಮಳೆ ಹೊಡೆದರೆ ಮುಗಿದೇ ಹೋಯಿತು. ಎಷ್ಟು ದೊಡ್ಡ ಕ್ಯಾಮೆರಾ ತಂದರೂ ಅದರ ಸ್ವಂತ ಮೈಕಿನ ಕಥೆ ಇದೇ. ಹಾಗಾಗಿ ಧ್ವನಿಯನ್ನು ನೇರವಾಗಿ, ಎಲ್ಲ ಮೈಕುಗಳು ಬಂದು ಸೇರುವ ಮಿಕ್ಸರ್‌ನಿಂದಲೇ ತೆಗೆದುಕೊಳ್ಳಬೇಕು.

ಅದರಲ್ಲೂ ಹಾಲಿನ ಸ್ಪೀಕರಿಗೆ ಹೋಗುವ ಮೇನ್ ಔಟ್ ಬೇಡ, ಬೇರೆಯಾಗಿಯೇ ಮಿಕ್ಸ್ ಮಾಡಿಕೊಳ್ಳಬಹುದಾದ ಆಕ್ಸ್ ಔಟ್ ಬೇಕು. ಯಾಕೆಂದರೆ ಮೇನ್ ಔಟ್ ಅನ್ನು ಹಾಲಿಗೆ ತಕ್ಕ ಹಾಗೆ ಇಟ್ಟಿರುತ್ತೇವೆ. ಗಾಯನ ಮಂಡಳಿ ಹೇಗೂ ಗಟ್ಟಿಯಾಗಿ ಕೇಳುತ್ತದೆ ಅಂತ ಅವರ ಮೈಕನ್ನು ಕಡಿಮೆ ಮಾಡಿರುತ್ತೇವೆ. ರೆಕಾರ್ಡಿಂಗಿನಲ್ಲಿ ಅವರು ಕಾಣುತ್ತಾರೆ, ಹಾಡು ಕೇಳುವುದಿಲ್ಲ. ಆಕ್ಸ್ ಅನ್ನು, ಧ್ವನಿ ಏರಿಸಿ ಇಳಿಸುವ ಫೇಡರಿಗಿಂತ ಮೊದಲೇ ಧ್ವನಿ ತೆಗೆಯುವ ಪ್ರೀ-ಫೇಡರ್‌ನಲ್ಲಿ ಇಟ್ಟರೆ ಹಾಲಿನ ಫೇಡರ್ ಏರಿಸಿದರೂ ಇಳಿಸಿದರೂ ರೆಕಾರ್ಡಿಂಗ್ ಕದಲುವುದಿಲ್ಲ. ಒಂದು ಎಚ್ಚರ: ಫೇಡರ್ ಇಳಿಸಿದ ಮೈಕಿನಲ್ಲಿ ಆಡಿದ ಮಾತೂ ರೆಕಾರ್ಡ್ ಆಗುತ್ತದೆ. ಅಯ್ಯನವರು ಕೂತ ಮೇಲೆ ಮೈಕಿನ ಸ್ವಿಚ್ಚನ್ನೇ ಆಫ್ ಮಾಡಬೇಕು.

ಇನ್ನೊಂದು, ಆಕ್ಸ್ ಔಟ್‌ನಿಂದ ಬರುವ ವೈರನ್ನು ಕ್ಯಾಮೆರಾದ ಮೈಕ್ ತೂತಿಗೆ ಸುಮ್ನೆ ಚುಚ್ಚಬೇಡಿ. ಮಿಕ್ಸರ್‌ನಿಂದ ಬರುವುದು ಲೈನ್ ಲೆವೆಲ್, ಮೈಕ್ ಲೆವೆಲ್‌ಗಿಂತ ಎಷ್ಟೋ ಪಟ್ಟು ಜೋರು. ಕರಕರ ಅಂತ ಒಡೆಯುತ್ತದೆ, ಆಮೇಲೆ ಯಾರಿಂದಲೂ ಸರಿ ಮಾಡಲು ಆಗುವುದಿಲ್ಲ. ಲೈನ್ ಲೆವೆಲ್ ತೆಗೆದುಕೊಳ್ಳುವ ತೂತು, ಅಂದರೆ ಲೈನ್ ಇನ್ ಇರುವ ಒಂದು ಸಣ್ಣ ಆಡಿಯೋ ರೆಕಾರ್ಡರ್ ತರೋಣ. ಅದರ ಧ್ವನಿಯ ಮೀಟರ್ ಮೈನಸ್ 12 ಡೆಸಿಬೆಲ್‌ನ ಆಸುಪಾಸು ಆಡುತ್ತಿದ್ದರೆ ಸಾಕು. ಗಂಟೆ ಹೊಡೆಯುವ ಮೊದಲು ರೆಕಾರ್ಡರ್, ಕ್ಯಾಮೆರಾ ಎರಡನ್ನೂ ಆನ್ ಮಾಡಿ, ಕ್ಯಾಮೆರಾ ಎದುರು ಒಮ್ಮೆ ಚಪ್ಪಾಳೆ ಹೊಡೆದರೆ ಆಯಿತು. ಆ ಚಪ್ಪಾಳೆ ನೋಡಿಕೊಂಡು ಚಿತ್ರ, ಧ್ವನಿ ಕೂಡಿಸಬಹುದು.

ಮಿಕ್ಸರ್ ಒಂದನ್ನೇ ನಂಬಿದರೂ ತಪ್ಪಾಗುತ್ತದೆ, ಇದು ನನಗೆ ಬಹಳ ಮುಖ್ಯ. ಅಲ್ಲಿ ಸಭೆಯ ಹಾಡು ಇರುವುದೇ ಇಲ್ಲ. ಇಡೀ ಸಭೆ ಎದ್ದು ನಾಲ್ಕು ಸ್ವರದಲ್ಲಿ ಹಾಡುವುದನ್ನು ಕೇಳದೆ ಮನೆಯಲ್ಲಿರುವವರಿಗೆ ಆರಾಧನೆಗೆ ಬಂದ ಹಾಗೆ ಆಗುತ್ತದಾ? ಮಧ್ಯದ ಕಂಬದ ಮೇಲೆ, ಫ್ಯಾನಿನಿಂದ ದೂರ, ಜನರ ಕಡೆಗೆ ಒಂದು ಮೈಕ್ ಕಟ್ಟೋಣ. ಅದು ಆಕ್ಸ್‌ಗೆ ಮಾತ್ರ ಹೋಗಲಿ. ಹಾಲಿನ ಸ್ಪೀಕರಿಗೆ ಬಿಟ್ಟರೆ ಕೂಯ್ ಅಂತ ಕಿರುಚುತ್ತದೆ.

ಕ್ಯಾಮೆರಾ ವಿಷಯ ಬೇಗ ಹೇಳಿಬಿಡುತ್ತೇನೆ. ಫುಲ್ ಎಚ್‌ಡಿ ಧಾರಾಳ ಸಾಕು. ಕೆಲವು ಫೋಟೋ ಕ್ಯಾಮೆರಾಗಳು 30 ನಿಮಿಷಕ್ಕೆ ಒಂದು ಸೆಕೆಂಡು ಇರುವಾಗಲೇ ರೆಕಾರ್ಡಿಂಗ್ ನಿಲ್ಲಿಸುತ್ತವೆ, ಅಂಥದ್ದು ಪ್ರಸಂಗದ ಮಧ್ಯೆ ಕೈಕೊಡುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಕೇಳಿ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡು ಇಟ್ಟರೆ ಟ್ಯೂಬ್‌ಲೈಟ್ ಪಟಪಟ ಮಿನುಗುವುದಿಲ್ಲ. ವೇದಿಕೆಯ ಹಿಂದಿನ ಕಿಟಕಿಯಿಂದ ಬೆಳಿಗ್ಗೆ ಬಿಸಿಲು ಬೀಳುತ್ತದಲ್ವಾ? ಕ್ಯಾಮೆರಾವನ್ನು ಆಟೋದಲ್ಲಿ ಬಿಟ್ಟರೆ ಅಯ್ಯನವರ ಮುಖ ಕಪ್ಪಾಗುತ್ತದೆ. ಮುಖಕ್ಕೆ ಬೆಳಕು ನೋಡಿ ಲಾಕ್ ಮಾಡಬೇಕು. ಕ್ಯಾಮೆರಾ ಬಾಲ್ಕನಿಯಲ್ಲಿ ಇಡುವುದು ಬೇಡ, ಮೆಟ್ಟಿಲಲ್ಲಿ ಮಕ್ಕಳು ಓಡಿದರೆ ಹಲಗೆ ಅದುರಿ ಟ್ರೈಪಾಡೂ ಅದುರುತ್ತದೆ.

ಕರ್ತನ ಭೋಜನದ ಹೊತ್ತಿನಲ್ಲಿ ಮೊಣಕಾಲೂರಿದವರ ಮುಖ ಹಿಡಿಯುವುದು ಬೇಡ. ಕಣ್ಣೀರು ಹಾಕಿಕೊಂಡು ಬರುವವರಿರುತ್ತಾರೆ. ಕ್ಯಾಮೆರಾವನ್ನು ಶಿಲುಬೆಯ ಕಡೆ ತಿರುಗಿಸಿ ನಿಲ್ಲಿಸೋಣ, ಹಾಡು ಮಾತ್ರ ಹೋಗಲಿ.

ಶನಿವಾರ ಸಂಜೆ ಗಾಯನ ಮಂಡಳಿಯವರು ಅಭ್ಯಾಸಕ್ಕೆ ಬರುತ್ತಾರೆ. ನೀವೂ ಬನ್ನಿ ಅಣ್ಣಾ. ರೆಕಾರ್ಡರ್ ಒಂದು ದಿನಕ್ಕೆ ಬಾಡಿಗೆಗೆ ತರುತ್ತೇನೆ, ವೈರು ನನ್ನ ಹತ್ತಿರವೇ ಇದೆ. ಎರಡು ಕೀರ್ತನೆ, ಒಂದು ವಾಕ್ಯ ಓದಿಸಿ ರೆಕಾರ್ಡ್ ಮಾಡೋಣ. ರಾತ್ರಿ ಅದನ್ನು ಅಮ್ಮನ ದಿಂಬಿನ ಮೇಲೆ ಇಡುತ್ತೇನೆ. ಯಾವ ವಾಕ್ಯ ಓದಿದರು ಅಂತ ಅವರೇ ಹೇಳಿದರೆ, ಆ ಧ್ವನಿಯನ್ನೇ ಈ ಗ್ರೂಪಿಗೆ ಹಾಕುತ್ತೇನೆ.