ಪೆನೆಲೊಪೆ ಬರೀ ಕಾಯುತ್ತಾ ಕೂತವಳಾ?

ಕಡಲ ಕರೆಯವಳು:
ನನ್ನ ಗಂಡ ಸರಕು ಹಡಗಿನಲ್ಲಿ ಇಂಜಿನಿಯರ್. ಹೋದರೆ ಏಳೆಂಟು ತಿಂಗಳು ಬರುವುದಿಲ್ಲ. ತೋಟ, ಬ್ಯಾಂಕು, ಮಾವನ ಬಿಪಿ ಮಾತ್ರೆ, ಪಿಯುಸಿ ಓದುವ ಮಗ, ಎಲ್ಲ ನನ್ನ ತಲೆಗೇ. ಅದಕ್ಕೋ ಏನೋ, ಗ್ರೀಕ್ ಕವಿ ಹೋಮರನ ಮಹಾಕಾವ್ಯ ಒಡಿಸ್ಸಿಯಲ್ಲಿ ನನಗೆ ಪೆನೆಲೊಪೆಯೇ ಹಿಡಿಸಿದ್ದು. ಗಂಡ ಒಡಿಸ್ಸಿಯಸ್ ಟ್ರಾಯ್ ಯುದ್ಧಕ್ಕೆ ಹೋದವನು 20 ವರ್ಷ ಮನೆಗೆ ಬರಲಿಲ್ಲ. ಇತ್ತ ಅವರ ಊರು ಇಥಾಕಾದ ಮನೆಯಲ್ಲಿ 108 ಗಂಡಸರು ಠಿಕಾಣಿ ಹೂಡಿ, ನಮ್ಮಲ್ಲಿ ಒಬ್ಬನನ್ನು ಮದುವೆಯಾಗು ಅಂತ ಪೀಡಿಸುತ್ತಾ, ಅವಳದೇ ಹಂದಿ, ಆಡು ಕಡಿದು ತಿನ್ನುತ್ತಿದ್ದರು.

ಮಹಿಳಾ ಮಂಡಲದಲ್ಲಿ ಇವಳ ಬಗ್ಗೆ ಮಾತಾಡುತ್ತೇನೆ ಅಂದಾಗ ನಾದಿನಿ ನಕ್ಕಳು. "ಕಾಯುತ್ತಾ ಕೂತವಳಲ್ಲಿ ಎಂಥ ಶಕ್ತಿ ಅತ್ತಿಗೆ? ಅಂಥವರು ನಮ್ಮಲ್ಲೇ ಬೇಕಾದಷ್ಟಿದ್ದಾರೆ. ಗ್ರೀಕರ ಯುದ್ಧದೇವತೆ ಅಥೀನಾ ಬಗ್ಗೆ ಹೇಳಿ, ಕೈಯಲ್ಲಿ ಈಟಿಯಾದರೂ ಇದೆ."

ನನಗೆ ಒಂದು ಜಾಗ ಮನಸ್ಸಿನಿಂದ ಹೋಗುವುದೇ ಇಲ್ಲ. ಮೊದಲನೇ ಅಧ್ಯಾಯದಲ್ಲೇ ಅವಳು ಮಹಡಿಯಿಂದ ಇಳಿದು ಬಂದು, ಟ್ರಾಯ್‌ನಿಂದ ಮರಳಿದವರ ಹಾಡು ಬೇಡ, ಬೇರೆ ಹಾಡು ಅಂತ ಹಾಡುಗಾರನಿಗೆ ಹೇಳುತ್ತಾಳೆ. ಮಗ ಟೆಲಿಮ್ಯಾಕಸ್ ಎಲ್ಲರ ಎದುರೇ, ಒಳಗೆ ಹೋಗಿ ನಿನ್ನ ಮಗ್ಗ ನೋಡಿಕೋ, ಮಾತು ಗಂಡಸರ ಕೆಲಸ ಅನ್ನುತ್ತಾನೆ. (ನನ್ನ ಮಗನೂ ಮೊನ್ನೆ ಅಡಿಕೆ ವ್ಯಾಪಾರಿಯ ಮುಂದೆ "ಅಮ್ಮ, ನಿಂಗೆ ಗೊತ್ತಾಗುದಿಲ್ಲ" ಅಂದ. ವ್ಯಾಪಾರಿ ಹೋದ ಮೇಲೆ ಸರಿಯಾಗಿ ಕೇಳಿಸಿಕೊಂಡ.) ಅವಳು ಬೆರಗಾಗಿ ಒಳಗೆ ಹೋಗುತ್ತಾಳೆ, ಅಳುತ್ತಾಳೆ.

ಅವಳಲ್ಲಿ ನಿಮಗೆ ಗಟ್ಟಿತನ ಎಲ್ಲಿ ಕಂಡಿತು, ಹೇಳಿ.

ಮಗ್ಗದ ಮನೆ:
ಅಕ್ಕಾ, ನಾವು ಇಳಕಲ್ ಕಡೆಯ ನೇಕಾರರು. ಹಗಲು ನೇಯ್ದಳು, ರಾತ್ರಿ ಬಿಚ್ಚಿದಳು ಅಂತ ಎಲ್ಲರೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸ್ತಾರೆ. ಬಿಚ್ಚಿ ನೋಡಿದವರಿಗೆ ಗೊತ್ತು! ಹೊಕ್ಕಿನ, ಅಂದರೆ ಅಡ್ಡ ಎಳೆಯನ್ನು ಒಂದೊಂದಾಗಿ ಹಿಂದಕ್ಕೆ ತೆಗೆಯಬೇಕು. ಅವಸರ ಮಾಡಿದರೆ ಹಾಸು, ಅಂದರೆ ಉದ್ದದ ಎಳೆ ಹರಿಯುತ್ತದೆ. ಅದೂ ಆ ಕಾಲದ ಮಗ್ಗ ನಮ್ಮದರಂತೆ ಕೂತು ನೇಯುವುದಲ್ಲ. ಗೋಡೆಗೆ ಒರಗಿಸಿದ ಚೌಕಟ್ಟು. ಹಾಸಿನ ಎಳೆಗಳ ತುದಿಗೆ ಮಣ್ಣಿನ ಗುಂಡು ಕಟ್ಟಿ ಇಳಿಬಿಡುತ್ತಿದ್ದರು. ನಿಂತೇ ನೇಯಬೇಕು, ಹೊಕ್ಕನ್ನು ಮೇಲಕ್ಕೆ ಬಡಿಯಬೇಕು. ಹಗಲು ಅಷ್ಟು ಮಾಡಿ, ರಾತ್ರಿ ಪಂಜಿನ ಬೆಳಕಲ್ಲಿ ಮತ್ತೆ ಬಿಚ್ಚಿದ್ದಾಳೆ. ಮೂರು ವರ್ಷ! ಮುದುಕ ಮಾವ ಲಾಯೆರ್ಟಿಸ್ ಸತ್ತರೆ ಹೊದಿಸುವ ಬಟ್ಟೆ ಇದು, ಮುಗಿಯುವ ತನಕ ತಡೀರಿ ಅಂದಿದ್ದಳು. ಅದಕ್ಕೆ ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತದೆ? ನಾಲ್ಕನೇ ವರ್ಷ ದಾಸಿಯೊಬ್ಬಳು ಗುಟ್ಟು ಬಿಟ್ಟುಕೊಟ್ಟಿದ್ದರಿಂದ ಸಿಕ್ಕಿಬಿದ್ದಳು.

ಹಳೇ ಮೇಷ್ಟ್ರು:
ತಂಗೀ, ನಿಮ್ಮ ನಾದಿನಿಗೆ 18ನೇ ಅಧ್ಯಾಯ ಓದಲು ಕೊಡಿ. ಒಡಿಸ್ಸಿಯಸ್ ಹೊರಡುವಾಗಲೇ, ಮಗನಿಗೆ ಗಡ್ಡ ಬಂದ ಮೇಲೆ ನಿನಗೆ ಬೇಕಾದವನನ್ನು ಮದುವೆಯಾಗು ಅಂದಿದ್ದ. ಹೋಗಬೇಡ ಅಂತ ಯಾರೂ ಅವಳನ್ನು ಕಟ್ಟಿಹಾಕಿರಲಿಲ್ಲ. ಅದೇ ಅಧ್ಯಾಯದಲ್ಲಿ ಆ ಗಂಡಸರ ಮುಖಕ್ಕೇ ಹೇಳುತ್ತಾಳೆ: ಹೆಣ್ಣು ಕೇಳುವವರು ತಾವು ತಂದು ಕೊಡುತ್ತಾರೆ, ಹೆಣ್ಣಿನ ಮನೆಯದನ್ನು ಪುಕ್ಕಟೆ ತಿನ್ನುವುದಿಲ್ಲ. ತಗೋ, ಹನ್ನೆರಡು ಬಂಗಾರದ ಪಿನ್ನು ಹಾಕಿದ ಸೀರೆಯಂಥ ಉಡುಪು, ಕಂಠೀಹಾರ, ಓಲೆ, ಎಲ್ಲ ಬಂದು ಬಿತ್ತು! ಭಿಕ್ಷುಕನ ವೇಷದಲ್ಲಿ ಅಲ್ಲೇ ಇದ್ದ ಗಂಡ ಒಳಗೊಳಗೇ ಖುಷಿಪಟ್ಟ.

ನನಗೆ ಎಲ್ಲಕ್ಕಿಂತ ಇಷ್ಟ ಮಂಚದ ಪ್ರಸಂಗ. ಆ ಗಂಡಸರನ್ನೆಲ್ಲ ಕೊಂದು ಮುಗಿಸಿ, ನಾನೇ ನಿನ್ನ ಗಂಡ ಅಂತ ಒಡಿಸ್ಸಿಯಸ್ ನಿಂತಿದ್ದಾನೆ. ಮಗ "ನಿನ್ನದು ಕಲ್ಲೆದೆ" ಅಂತ ಬೈಯುತ್ತಾನೆ. ಅವಳು ಕರಗುವುದಿಲ್ಲ. ಮಂಚವನ್ನು ಹೊರಗೆ ತಂದು ಹಾಸಿಕೊಡು ಅಂತ ದಾಸಿಗೆ ಹೇಳುತ್ತಾಳೆ. ಅವನಿಗೆ ರೇಗುತ್ತದೆ. ಬೇರೂರಿದ ಆಲಿವ್ ಮರವನ್ನೇ ಕಾಲಾಗಿ ಕೆತ್ತಿ ಅವನೇ ಮಾಡಿದ ಮಂಚ ಅದು, ಅಲ್ಲಾಡಿಸಲು ಆಗದು. ನಿಜವಾದ ಗಂಡನಿಗೆ ಗೊತ್ತಿರುವ ಆ ಗುಟ್ಟನ್ನು ಹಾಗೆ ಅವನ ಬಾಯಿಂದಲೇ ಹೊರಡಿಸಿದಳು. ಊರಿಗೆಲ್ಲ ಮೋಸ ಮಾಡಿ ಬಂದ ಚಾಣಾಕ್ಷನನ್ನು ಪರೀಕ್ಷೆಗೆ ಕೂರಿಸಿದ್ದು ಇವಳು.

ಸಂಜೆ ಓದು:
ಎಲ್ಲ ಸರಿ. ಆದರೆ ಆ ಗಂಡಸರ ಜೊತೆ ಮಲಗಿದರು ಅಂತ ಸಾಯಿಸಿದ ಹನ್ನೆರಡು ದಾಸಿಯರು? ಹೆಣಗಳನ್ನು ಅವರಿಂದಲೇ ಹೊರಿಸಿ, ನೆಲ ತೊಳೆಸಿ, ಆಮೇಲೆ ಟೆಲಿಮ್ಯಾಕಸ್ ನೇಣು ಹಾಕಿದ. ಮೆಲಾಂಥೋ ಎಂಬ ದಾಸಿಯನ್ನು ಪೆನೆಲೊಪೆಯೇ ಆಟಿಕೆ ಕೊಟ್ಟು ಮಗಳಂತೆ ಸಾಕಿದ್ದಳು. ಆ ಹೊತ್ತಿಗೆ ಯಜಮಾನಿ ಮಹಡಿಯಲ್ಲಿ ನಿದ್ದೆ ಮಾಡುತ್ತಿದ್ದಳು, ನಿಜ. ಎದ್ದ ಮೇಲೂ ಅವರ ಬಗ್ಗೆ ಒಂದು ಮಾತಿಲ್ಲವಲ್ಲ? ನನಗೆ ಅಲ್ಲಿ ಅವಳ ಮೇಲಿನ ಪ್ರೀತಿ ಸ್ವಲ್ಪ ಕಮ್ಮಿ ಆಗುತ್ತದೆ.

ಕಡಲ ಕರೆಯವಳು:
ಸಂಜೆ ಓದು, ನೀವು ಹೇಳಿದ್ದು ಚುಚ್ಚಿತು. ದಾಸಿಯರನ್ನು ಬಿಟ್ಟು ಹೇಳಿದರೆ ಅರ್ಧ ಕಥೆ ಹೇಳಿದ ಹಾಗೆ, ಅದನ್ನೂ ಹೇಳುತ್ತೇನೆ. ಆದರೂ ಅವಳನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಕೈಯಲ್ಲಿ ಅಧಿಕಾರ ಇಲ್ಲದೆ ಅಷ್ಟು ವರ್ಷ ಯಾರಿಗೂ ಹೂಂ ಅನ್ನದೆ, ಊಹೂಂ ಅಂತಲೂ ಅನ್ನದೆ ಮನೆ ಉಳಿಸಿಕೊಂಡಿದ್ದಾಳೆ. ಎಷ್ಟು ಕಷ್ಟ ಅಂತ ನನಗೆ ಗೊತ್ತು. ಮೇಷ್ಟ್ರೇ, ಮಾತು ಮಂಚದಿಂದಲೇ ಶುರು ಮಾಡುತ್ತೇನೆ. ಮಗ್ಗದ ಮನೆಯವರೇ, ಎಳೆ ಬಿಚ್ಚುವ ಒಂದು ಸಣ್ಣ ವಿಡಿಯೋ ಮಾಡಿ ಹಾಕ್ತೀರಾ? ನಾದಿನಿ ಮುಂದಿನ ಸಾಲಿನಲ್ಲೇ ಕೂರುವವಳು.